ಮರಗಸಿಗೆ ಏಣಿ ಬೇಕಾ, ಹಗ್ಗ ಬೇಕಾ?

ಇವತ್ತಿನ ಎಪಿಸೋಡ್ ಮರ ಹತ್ತೋರ ಬಗ್ಗೆ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯಿಂದ ಕೇಳ್ತಿರೋರಿಗೆ ವಿಷಯ ಹೊಸದಲ್ಲ. ಬೆಂಗಳೂರಲ್ಲಿ ಕೂತು ಫಿಲ್ಟರ್ ಕಾಫಿ ಕುಡೀತಾ ಕೇಳ್ತಿದ್ರೆ, ಆ ಲೋಟದ ಹಿಂದಿನ ಕಥೆ ಇದು ಅಂದ್ಕೊಳ್ಳಿ.

ಕಾಫಿ ತೋಟದಲ್ಲಿ ಮರ ಹತ್ತೋ ಕೆಲಸ ಮುಖ್ಯವಾಗಿ ಎರಡು. ಒಂದು, ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ಯೋದು. ಇನ್ನೊಂದು ಮರಗಸಿ, ಅಂದ್ರೆ ಗಿಡಕ್ಕೆ ಬೆಳಕು ಬೀಳಲಿ ಅಂತ ನೆರಳಿನ ಮರದ ಕೊಂಬೆ ಕಡಿಯೋದು. ಎರಡಕ್ಕೂ ಜನ ಮೊದಲು ಹುಡುಕೋದು ಏಣಿ.

ಹಿಂದೆ ಬಿದಿರಿನ ಏಣಿ ಇತ್ತು. ಆಮೇಲೆ ಅಲ್ಯೂಮಿನಿಯಂ ಬಂತು. ಹಗುರ, ಹುಳ ಹಿಡಿಯಲ್ಲ, ವರ್ಷಗಟ್ಟಲೆ ಬಾಳಿಕೆ. ಆದ್ರೆ ಕರೆಂಟ್ ತಂತಿ ಮಾಡೋದೂ ಅಲ್ಯೂಮಿನಿಯಂನಿಂದಲೇ. ಮನೆಯ ಪ್ಲಗ್‌ನಲ್ಲಿ ಇರೋದು 230 ವೋಲ್ಟ್. ತೋಟದ ಮೇಲೆ ಹಾದುಹೋಗೋ 11 ಕೆವಿ ಲೈನ್‌ನಲ್ಲಿ 11,000 ವೋಲ್ಟ್, ಅದೂ ಸಾಮಾನ್ಯವಾಗಿ ಹೊದಿಕೆ ಇಲ್ಲದ ತಂತಿ. ಉದ್ದದ ಏಣಿಯನ್ನ ನೆಟ್ಟಗೆ ಹಿಡ್ಕೊಂಡು ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಎಲೆಗಳ ನಡುವಿನ ತಂತಿ ಕಣ್ಣಿಗೆ ಬೀಳಲ್ಲ. ಏಣಿ ತಂತಿಗೆ ತಾಗಿ ಕಾರ್ಮಿಕರು ತೀರಿಹೋದ ಸುದ್ದಿ ಈ ಜಿಲ್ಲೆಗಳಿಂದ ಮತ್ತೆ ಮತ್ತೆ ಬರುತ್ತೆ. ಮರ ಹತ್ತೋ ಮೊದಲೇ, ನೆಲದ ಮೇಲೆ ನಿಂತಿರುವಾಗಲೇ ಜೀವ ಹೋಗಬಹುದು.

ಕರೆಂಟ್ ಇಲ್ಲದ ಕಡೆಯೂ ಏಣಿಗೆ ಒಂದು ಮಿತಿ ಇದೆ. ಅದು ನಿಮ್ಮನ್ನ ಮೇಲಕ್ಕೆ ಮುಟ್ಟಿಸುತ್ತೆ, ಅಲ್ಲಿ ಹಿಡಿದುಕೊಳ್ಳಲ್ಲ. ಕಡಿದ ಕೊಂಬೆ ತೂಗಿಬಂದು ಏಣಿಗೆ ಬಡೀಬಹುದು. ಏಣಿ ಒರಗಿಸಿದ ಕೊಂಬೆಯ ಭಾರ ಇಳಿದಾಗ ಅದು ಮೇಲಕ್ಕೆ ಚಿಮ್ಮಿ ಏಣಿ ಜಾರಬಹುದು. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಜೀವ.

ಹಗ್ಗದ ವಿಧಾನ ಇರೋದು ಇದಕ್ಕೇ. ತೆಳು ದಾರಕ್ಕೆ ಭಾರ ಕಟ್ಟಿ ಗಟ್ಟಿ ಕವಲಿನ ಮೇಲೆ ಎಸೀತಾರೆ, ಅದರ ಹಿಂದೆ ಹತ್ತೋ ಹಗ್ಗ ಎಳ್ಕೋತಾರೆ. ಸೊಂಟ, ತೊಡೆಗೆ ಹಾರ್ನೆಸ್. ಹಾರ್ನೆಸ್ ಮತ್ತು ಹಗ್ಗದ ನಡುವೆ ಒಂದು ವಿಶೇಷ ಗಂಟು. ಭಾರ ಇಲ್ಲದಾಗ ಜಾರುತ್ತೆ, ಭಾರ ಬಿದ್ದರೆ ಹಗ್ಗವನ್ನ ಕಚ್ಚಿ ಹಿಡಿಯುತ್ತೆ. ಇಂಥ ಗಂಟುಗಳಲ್ಲಿ ಪ್ರಸಿದ್ಧವಾದದ್ದು ಪ್ರುಸಿಕ್. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ತೋರಿಸಿಕೊಟ್ಟದ್ದು. ಕಾಂಡದ ಸುತ್ತ ಇನ್ನೊಂದು ಗಿಡ್ಡ ಹಗ್ಗ ಕಟ್ಟಿಕೊಂಡರೆ ಎರಡು ಕೈಯೂ ಬಿಡುವು. ಮರದ ಮೇಲೆ ಚೈನ್‌ಸಾ ಹಿಡಿಯೋರಿಗೆ ಹೀಗೆ ಎರಡು ಕಟ್ಟು ಇರಲೇಬೇಕು ಅಂತ ಅಮೆರಿಕದ ಮಾನದಂಡವೇ ಹೇಳುತ್ತೆ.

ಹಾಗಂತ ಹಗ್ಗ ಎಲ್ಲದಕ್ಕೂ ಮದ್ದಲ್ಲ. ಸಿಲ್ವರ್ ಓಕ್ ಕೊಂಬೆ ಪಟ್ಟಂತ ಮುರಿಯುತ್ತೆ, ಹಾಲುವಾಣದ ಮರ ಮೆತ್ತಗೆ. ಯಾವ ಕವಲು ಭಾರ ತಡೆಯುತ್ತೆ ಅಂತ ಗೊತ್ತಿರಬೇಕು, ಅದಕ್ಕೆ ತರಬೇತಿ ಬೇಕು. ಬಳ್ಳಿ ಸುತ್ತಿದ ಕಾಂಡಕ್ಕೆ ಕಾಲು ಕೊಟ್ಟು ಹತ್ತಿದ್ರೆ ಮೆಣಸೇ ಹಾಳು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಮೆಣಸಿಗೆ ಏಣಿ, ಮರಗಸಿಗೆ ಹಗ್ಗ. ಏಣಿ ಫೈಬರ್‌ಗ್ಲಾಸ್‌ದಾಗಿರಲಿ, ತುದಿಯನ್ನ ಮರಕ್ಕೆ ಕಟ್ಟಿ, 4 ಅಡಿ ಎತ್ತರಕ್ಕೆ 1 ಅಡಿಯ ಲೆಕ್ಕದಲ್ಲಿ ಬುಡ ದೂರ ಇಡಿ. ಒದ್ದೆ ಬಿದಿರು, ಒದ್ದೆ ಹಗ್ಗದಲ್ಲೂ ಕರೆಂಟ್ ಹರಿಯುತ್ತೆ. ಆದ್ದರಿಂದ ಲೈನ್ ಪಕ್ಕದ ಮರ ಅಂದ್ರೆ ಏಣಿ, ಹಗ್ಗ ಯಾವುದೂ ಬೇಡ. ಮೊದಲು 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆಗಿದೆ ಅಂತ ಲೈನ್‌ಮ್ಯಾನ್ ಬಂದು ಹೇಳೋವರೆಗೂ ಕಾಯಿರಿ.

ನಾನು ಬಿ.ಕಾಂ ಓದಿದವನು, ಕೊನೆಗೆ ಲೆಕ್ಕಕ್ಕೇ ಬರ್ತೀನಿ. ಎಷ್ಟೋ ಕಡೆ ಮರಗಸಿ ಕಂಟ್ರಾಕ್ಟ್ ಕೆಲಸ. ಮರಕ್ಕೆ ಇಷ್ಟು ಅಂತ ರೇಟು. ಆಗ ಹಾರ್ನೆಸ್ ಹಾಕ್ಕೊಳ್ಳೋ ಹತ್ತು ನಿಮಿಷ ಯಾರ ಜೇಬಿಂದ ಹೋಗುತ್ತೆ? ಹತ್ತೋನ ಜೇಬಿಂದ. ಹಗ್ಗ ಬಿಗಿದಷ್ಟೂ ಕೂಲಿ ಕಮ್ಮಿ. ಆಮೇಲೆ 'ಕೊಟ್ರೂ ಹಾಕ್ಕೊಳ್ಳಲ್ಲ ಇವರು' ಅಂತ ಮಾತು ಬೇರೆ. ಹಾಕ್ಕೊಂಡ್ರೆ ನಷ್ಟ ಆಗೋ ಹಾಗೆ ರೇಟು ಮಾಡಿದ್ದು ನಾವೇ ಅಲ್ವಾ? ಏಣಿ ತೋಟದ ಆಸ್ತಿ ಅಂತ ಪುಸ್ತಕದಲ್ಲಿ ಬರೀತೀವಿ. ಹಗ್ಗ, ಹಾರ್ನೆಸ್, ತರಬೇತಿಯನ್ನೂ ಮಾಲೀಕರ ಖರ್ಚಿಗೇ ಬರೀಬೇಕು. ಮರಗಸಿಗೆ ಮರದ ಲೆಕ್ಕ ಬಿಟ್ಟು ದಿನಗೂಲಿ ಕೊಡಬೇಕು.

ನಿಮ್ಮ ಮನೆಯಲ್ಲಿ ತೋಟ ಇದ್ರೆ ಈ ಭಾನುವಾರ ಒಂದು ಸುತ್ತು ಹೋಗಿ. ಲೈನ್ ಹತ್ತಿರದ ಪ್ರತಿ ಮರಕ್ಕೂ ಕೆಂಪು ಪೇಂಟ್ ಹಚ್ಚಿ. ಅದರ ಅರ್ಥ ಏನು ಅಂತ ಕೆಲಸಕ್ಕೆ ಬರೋರಿಗೆ ಅವರ ಭಾಷೆಯಲ್ಲೇ ಹೇಳಿ. ಅಸ್ಸಾಮಿನಿಂದ ಬಂದವರಿಗೆ ಕನ್ನಡದ ಬೋರ್ಡ್ ಓದೋಕೆ ಬರಲ್ಲ.

ಮುಂದಿನ ವಾರ ಸಿಗೋಣ.