ಬೀಗ ತೆಗೀರಿ ಮೇಷ್ಟ್ರೇ

ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಪ್ಪ ಜಮೀನು ಗುತ್ತಿಗೆಗೆ ಕೊಟ್ರು. ಮಗ ಅಲ್ಲೇ ಪ್ಯಾನೆಲ್ ಒರೆಸಬೇಕಾ, ಇಲ್ಲಾ ಇಂಜಿನಿಯರ್ ಆಗಬೇಕಾ? ನನ್ನ ಪ್ರಶ್ನೆ ಇಷ್ಟೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪ್ರತಿ ಹೈಸ್ಕೂಲಲ್ಲೂ ತಂತ್ರಜ್ಞಾನ ಕ್ಲಬ್ ಶುರುವಾಗಲಿ. ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ ಕೇಂದ್ರ ಸರ್ಕಾರ 20 ಲಕ್ಷದವರೆಗೆ ಕೊಡುತ್ತೆ. ಅದು ಸಿಗದಿದ್ರೂ ಶನಿವಾರ ಒಂದು ಗಂಟೆ, ಹಳೇ ಕಂಪ್ಯೂಟರ್, ಪುಟ್ಟ ಸೋಲಾರ್ ಪ್ಯಾನೆಲ್, ಒಂದು ಮಲ್ಟಿಮೀಟರ್ ಸಾಕು. ಧೂಳು ಕೂತಾಗ ಕರೆಂಟ್ ಎಷ್ಟು ಇಳೀತು ಅಂತ ಮಕ್ಕಳೇ ಅಳೆದು ಬರೆದಿಡಲಿ. ಒಂಬತ್ತನೇ ಕ್ಲಾಸಿನವರು ಎಂಟನೆಯವರಿಗೆ ಕಲಿಸಲಿ. ಆಗ ಮೇಷ್ಟ್ರಿಗೆ ವರ್ಗವಾದ್ರೂ ಕ್ಲಬ್ ನಿಲ್ಲಲ್ಲ.

ಕೀಲಿಕೈ ಬೀರುವಿನಲ್ಲೇ ಇದ್ರೆ ಕಂಪ್ಯೂಟರ್‌ಗೆ ಧೂಳು, ಮಕ್ಕಳಿಗೆ ನಷ್ಟ. ಕೆಟ್ಟರೆ ಕೆಡಲಿ, ಬಿಚ್ಚಿ ನೋಡಿದ್ರೇ ಕಲಿಯೋದು.