ವಿದ್ಯಾಪೀಠಗಳ ನಿಧಿಸಂಗ್ರಹವೂ ಅಂಕೆಸಂಖ್ಯೆಗಳ ಅನುಮಾನವೂ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿ, ಅದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ವಿಶ್ವವಿದ್ಯಾಲಯಗಳ ನಿಧಿಸಂಗ್ರಹದ ವಿಷಯವನ್ನು ಏಕೆ ಕೊಟ್ಟರೆಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಕಾರಣವಿಷ್ಟೆ. ಶ್ರೀಮಠದ ಶಾಲೆ-ಕಾಲೇಜುಗಳಲ್ಲಿ ಕಲಿತು ಈಗ ದೂರದೇಶಗಳಲ್ಲಿ ಉದ್ಯೋಗದಲ್ಲಿರುವ ಕೆಲವು ತರುಣರು, ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನೆಲ್ಲ ಗಣಕಯಂತ್ರದಲ್ಲಿ ಕೂಡಿಸಿ, ಯಾರು ಎಷ್ಟು ಕೊಡಬಲ್ಲರೆಂಬದನ್ನು ಯಂತ್ರದಿಂದಲೇ ಎಣಿಕೆ ಹಾಕಿಸಬೇಕೆಂದು ಸೂಚಿಸಿರುವರು. ಅಮೇರಿಕೆಯ ವಿದ್ಯಾಪೀಠಗಳಲ್ಲಿ ಇದು ರೂಢಿಯಾಗಿರುವದರಿಂದ ನಮ್ಮಲ್ಲಿಯೂ ಆಗಲಿ ಎಂಬದು ಅವರ ಸದಾಶಯ. ಸ್ವೀಕರಿಸುವದಕ್ಕಾಗಲಿ ಬಿಡುವದಕ್ಕಾಗಲಿ ಮೊದಲು ವಸ್ತುವಿನ ಸ್ವರೂಪವನ್ನು ಅರಿಯತಕ್ಕದ್ದು. ಮೇಲಾಗಿ, ಇದನ್ನು ಓದುತ್ತ ಹೋದಂತೆ ನಮ್ಮ ಹಳೆಯ ಅನುಮಾನಪ್ರಮಾಣವೇ ಹೊಸ ವೇಷದಲ್ಲಿ ಬಂದಿರುವದೆಂದು ನನಗೆ ತೋರಿತು. ಆದುದರಿಂದ ಮಾತಾಡುವ ಧೈರ್ಯಮಾಡಿದ್ದೇನೆ.

ಮೊದಲು ಇತಿಹಾಸದ ಒಂದೆರಡು ಮಾತು. ಅಮೇರಿಕೆಯ ವಿದ್ಯಾಪೀಠಗಳು ದಾನದಿಂದಲೇ ಹುಟ್ಟಿ ದಾನದಿಂದಲೇ ಬೆಳೆದವು. ೧೬೩೮ರಲ್ಲಿ ತೀರಿಕೊಂಡ ಜಾನ್ ಹಾರ್ವರ್ಡ್ ಎಂಬ ತರುಣ ಧರ್ಮೋಪದೇಶಕನು ತನ್ನ ಆಸ್ತಿಯ ಅರ್ಧವನ್ನೂ ಸುಮಾರು ೪೦೦ ಗ್ರಂಥಗಳನ್ನೂ ಒಂದು ಹೊಸ ಪಾಠಶಾಲೆಗೆ ಬಿಟ್ಟುಹೋದನು. ಇಂದು ಅವನ ಹೆಸರು ಜಗತ್ತಿಗೇ ತಿಳಿದಿದೆ. ಯೇಲ್ ವಿಶ್ವವಿದ್ಯಾಲಯದ ಕಥೆಯು ನಮಗೆ ಇನ್ನೂ ಸಮೀಪದ್ದು. ಎಲಿಹು ಯೇಲ್ ಎಂಬವನು ೧೬೮೭ರಿಂದ ೧೬೯೨ರ ವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪನಿಯ ಮುಖ್ಯಾಧಿಕಾರಿಯಾಗಿದ್ದು, ನಮ್ಮ ದೇಶದ ವ್ಯಾಪಾರದಿಂದಲೇ ಐಶ್ವರ್ಯವಂತನಾದನು. ಅವನು ಹುಟ್ಟಿದ್ದು ಅಮೇರಿಕೆಯ ಬಾಸ್ಟನ್ನಿನಲ್ಲಿ. ೧೭೧೮ರಲ್ಲಿ ಕಾಟನ್ ಮೇದರ್ ಎಂಬ ಉಪದೇಶಕನು ಲಂಡನ್ನಿನಲ್ಲಿದ್ದ ಅವನಿಗೆ ಪತ್ರ ಬರೆದು, ಕನೆಕ್ಟಿಕಟ್ಟಿನ ಬಡ ವಿದ್ಯಾಲಯಕ್ಕೆ ಸಹಾಯಮಾಡಿದರೆ ಅದು ಯೇಲನ ಹೆಸರನ್ನೇ ಹೊರಬಹುದೆಂದು ಸೂಚಿಸಿದನು. ಯೇಲನು ಒಂಬತ್ತು ಮೂಟೆ ಸರಕು, ೪೧೭ ಪುಸ್ತಕ, ದೊರೆಯದೊಂದು ಚಿತ್ರಪಟ ಇವನ್ನು ಕಳಿಸಿದನು. ಸರಕು ಮಾರಿದಾಗ ಬಂದದ್ದು ಸುಮಾರು ೫೬೦ ಪೌಂಡು.

ಈ ಪತ್ರವನ್ನು ವಿಚಾರಿಸಿ ನೋಡಿರಿ. ಕೊಡುವ ಶಕ್ತಿಯುಳ್ಳವನು ಯಾರು, ಅವನಿಗೂ ನಮಗೂ ಇರುವ ಸಂಬಂಧವೇನು, ಅವನ ಮನಸ್ಸು ಏನನ್ನು ಬಯಸುತ್ತದೆ—ಈ ಮೂರನ್ನು ಮೇದರನು ಮೊದಲೇ ತಿಳಿದಿದ್ದನು. ಇಂದು ಯಂತ್ರಗಳ ಮುಂದೆ ಕುಳಿತ ನೂರಾರು ನೌಕರರು ಮಾಡುವದೂ ಇದನ್ನೇ. ಬದಲಾದದ್ದು ಸಂಖ್ಯೆ. ಮೇದರನ ಮುಂದೆ ಇದ್ದವನು ಒಬ್ಬ ಯೇಲ್; ಇಂದಿನ ದೊಡ್ಡ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಲಕ್ಷಗಟ್ಟಲೆ ಹೆಸರುಗಳಿರುವವು. ಹಳೆಯ ವಿದ್ಯಾರ್ಥಿಗಳು ಸಂಘ ಕಟ್ಟಿಕೊಳ್ಳುವ ಪದ್ಧತಿ ವಿಲಿಯಮ್ಸ್ ಕಾಲೇಜಿನಲ್ಲಿ ೧೮೨೧ರಷ್ಟು ಹಿಂದೆ ಮೊದಲಾಯಿತು. ವರ್ಷವರ್ಷವೂ ಎಲ್ಲರಿಂದ ಚಿಕ್ಕಚಿಕ್ಕ ಕಾಣಿಕೆ ಬೇಡುವ ನಿಧಿಯನ್ನು ಯೇಲಿನವರು ೧೮೯೦ರಲ್ಲಿ ಸ್ಥಾಪಿಸಿದರು. ೨೦೨೩ನೆಯ ಆರ್ಥಿಕ ವರ್ಷದಲ್ಲಿ ಆ ದೇಶದ ಉಚ್ಚ ವಿದ್ಯಾಸಂಸ್ಥೆಗಳಿಗೆ ಬಂದ ದಾನವು ಸುಮಾರು ೫,೮೦೦ ಕೋಟಿ ಡಾಲರು. ನಮ್ಮಲ್ಲಿಯೂ ಈ ಗಾಳಿ ಬೀಸಿದೆ: ಬೆಂಗಳೂರಿನ ನಂದನ ನಿಲೇಕಣಿಯವರು ತಾವು ೧೯೭೩ರಲ್ಲಿ ಸೇರಿದ ಮುಂಬಯಿಯ ಐ.ಐ.ಟಿ.ಗೆ ೨೦೨೩ರಲ್ಲಿ ೩೧೫ ಕೋಟಿ ರೂಪಾಯಿಗಳನ್ನು ಕೊಟ್ಟದ್ದನ್ನು ತಾವು ಬಲ್ಲಿರಿ.

ಇನ್ನು ಯಂತ್ರದ ರೀತಿ. ನಮ್ಮ ಕೀರ್ದಿ-ಖತಾವಣಿಗಳನ್ನು ನೋಡಿದವರಿಗೆ ಇದು ಕಠಿಣವಲ್ಲ. ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಗೂ ಒಂದು ಸಾಲು. ಆ ಸಾಲಿನಲ್ಲಿ ಅವನು ತೇರ್ಗಡೆಯಾದ ವರ್ಷ, ಓದಿದ ಶಾಸ್ತ್ರ, ಇರುವ ಊರು, ಉದ್ಯೋಗ, ಸಮ್ಮೇಲನಗಳಿಗೆ ಬಂದನೇ ಇಲ್ಲವೇ, ಹಿಂದೆ ಕೊಟ್ಟದ್ದೇನು ಎಂಬ ಮನೆಗಳು. ಅತ್ಯಂತ ಹಳೆಯ ಸರಳ ಲೆಕ್ಕವು ಮೂರು ಪ್ರಶ್ನೆಗಳದ್ದು: ಕಡೆಗೆ ಕೊಟ್ಟದ್ದು ಯಾವಾಗ, ಎಷ್ಟು ಸಲ ಕೊಟ್ಟನು, ಎಷ್ಟು ಕೊಟ್ಟನು. ಇದರ ಮೇಲೆ ಹೊಸಬರು ಮಾಡುವದೇನೆಂದರೆ, ಗತವರ್ಷಗಳಲ್ಲಿ ಕೊಟ್ಟವರನ್ನೂ ಕೊಡದವರನ್ನೂ ಯಂತ್ರಕ್ಕೆ ತೋರಿಸಿ, ಯಾವ ಯಾವ ಲಕ್ಷಣಗಳು ಕೊಟ್ಟವರಲ್ಲಿ ಹೆಚ್ಚಾಗಿ ಕಾಣುವವೆಂದು ಅದರಿಂದ ತೂಕ ಹಾಕಿಸುವರು. ಆ ತೂಕಗಳನ್ನು ಕೂಡಿಸಿ ಪ್ರತಿ ಹೆಸರಿನ ಮುಂದೆ ಒಂದು ಅಂಕ ಬರುತ್ತದೆ. ಅಂಕ ದೊಡ್ಡದಾದವರಿಗೆ ಮೊದಲು ಫೋನು. ಸೊನ್ನೆಯ ಸಮೀಪದವರಿಗೆ ಕಾಗದವೂ ಇಲ್ಲ. ಬಲ್ಲವರು ದಾಖಲೆಗಳ ಒಂದು ಪಾಲನ್ನು ಯಂತ್ರಕ್ಕೆ ತೋರಿಸದೆ ಬಚ್ಚಿಟ್ಟು, ಅದರ ಮೇಲೆ ಅಂಕಗಳನ್ನು ಪರೀಕ್ಷಿಸುವರು. ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಕಾಣದ ಶ್ಲೋಕವನ್ನು ಕೊಟ್ಟು ಅನ್ವಯ ಕೇಳುವಂತೆಯೇ ಇದು. ಈ ಪರೀಕ್ಷೆಯಿಲ್ಲದೆ ಮಾರಲಾಗುವ ಯಂತ್ರವಿಧಾನವನ್ನು ಕೊಳ್ಳಲೇಬಾರದು.

ಈ ವಿದ್ಯೆಯಿಂದ ಲಾಭವಿಲ್ಲವೆಂದು ನಾನು ಹೇಳಲಾರೆ. ಕಾರ್ಯಾಲಯದವರಿಗೆ ನೆನಪಿರುವದು ನಾಲ್ಕು ಶ್ರೀಮಂತ ಮನೆತನಗಳ ಹೆಸರು ಮಾತ್ರ. ಇಪ್ಪತ್ತು ವರ್ಷ ತಪ್ಪದೆ ಅಲ್ಪಮೊತ್ತವನ್ನು ಕಳಿಸುತ್ತ ಬಂದ ಒಬ್ಬ ಶಾಲಾಮಾಸ್ತರನನ್ನು ಅವರು ಮರೆಯುವರು, ಯಂತ್ರವು ಮರೆಯುವದಿಲ್ಲ. ಮೃತ್ಯುಪತ್ರದಲ್ಲಿ ಸಂಸ್ಥೆಗೆ ಆಸ್ತಿ ಬಿಡುವವರು ಬಹುಶಃ ಇಂಥ ನಿಷ್ಠಾವಂತರೇ ಎಂಬದು ಆ ಕ್ಷೇತ್ರದವರ ಅನುಭವ. ಮನುಷ್ಯನ ಮುಖದಾಕ್ಷಿಣ್ಯವನ್ನು ಅಂಕೆಯು ಈ ಬಗೆಯಾಗಿ ತಿದ್ದುವದುಂಟು.

ಅಂಕೆಗಳಿಂದ ಪ್ರಯೋಗಮಾಡಿ ಕಲಿತದ್ದೂ ಇದೆ. ಜಾನ್ ಲಿಸ್ಟ್, ಡೇವಿಡ್ ಲಕಿಂಗ್-ರೈಲಿ ಎಂಬ ಅರ್ಥಶಾಸ್ತ್ರಜ್ಞರು ಮಧ್ಯ ಫ್ಲೋರಿಡಾ ವಿಶ್ವವಿದ್ಯಾಲಯಕ್ಕಾಗಿ ಸುಮಾರು ೩,೦೦೦ ಮನೆಗಳಿಗೆ ಪತ್ರ ಕಳಿಸಿದರು. ಬೇಕಾದ ಹಣದಲ್ಲಿ ನೂರಕ್ಕೆ ೧೦ ಪಾಲು ಆಗಲೇ ಕೂಡಿದೆಯೆಂದು ಕೆಲವರಿಗೆ ಬರೆದರು. ೬೭ ಪಾಲು ಕೂಡಿದೆಯೆಂದು ಬೇರೆ ಕೆಲವರಿಗೆ. ಎರಡನೆಯ ಗುಂಪಿನವರ ಕಾಣಿಕೆಯು ಹೆಚ್ಚುಕಡಿಮೆ ಆರು ಪಟ್ಟಾಯಿತೆಂದು ೨೦೦೨ರಲ್ಲಿ ಪ್ರಕಟಿಸಿದರು. ಜಾತ್ರೆಯ ಪಟ್ಟಿಯಲ್ಲಿ ಮೊದಲು ಊರಗೌಡರ ದೊಡ್ಡ ಮೊತ್ತವನ್ನು ಬರೆಯಿಸಿ ಆಮೇಲೆ ಮನೆಮನೆಗೆ ಹೊರಡುವ ನಮ್ಮ ಹಿರಿಯರಿಗೆ ಇದು ಹೊಸದೆನ್ನಿಸಲಿಕ್ಕಿಲ್ಲ.

ನನಗೆ ಇದಕ್ಕಿಂತ ಹಿಡಿಸಿದ್ದು ಆಡಮ್ ಗ್ರಾಂಟ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದು ವಿಶ್ವವಿದ್ಯಾಲಯದ ಪರವಾಗಿ ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ಹಣ ಕೇಳುವ ನೌಕರರಲ್ಲಿ ಕೆಲವರಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿಮಾಡಿಸಿದರು. ಒಂದು ತಿಂಗಳ ಮೇಲೆ ನೋಡಲಾಗಿ, ಅವರು ಫೋನಿನಲ್ಲಿ ಮಾತಾಡುವ ಕಾಲವು ನೂರಕ್ಕೆ ೧೪೨ರಷ್ಟೂ ಕೂಡಿಸಿದ ಹಣವು ನೂರಕ್ಕೆ ೧೭೧ರಷ್ಟೂ ಏರಿತ್ತು. ಕೊಡುವವರ ಪಟ್ಟಿಯನ್ನು ಯಾರೂ ಬದಲಿಸಿರಲಿಲ್ಲ. ಕೇಳುವವನು ಬದಲಾಗಿದ್ದನು.

ಅಂಕೆಯು ಅಹಿತವಾದ ಸತ್ಯವನ್ನೂ ಹೇಳುತ್ತದೆ. ಜೋನಾಥನ್ ಮಿಯರ್, ಹಾರ್ವಿ ರೋಸನ್ ಎಂಬವರು ಹೆಸರು ಹೇಳದ ಒಂದು ವಿಶ್ವವಿದ್ಯಾಲಯದ ದಾಖಲೆಗಳನ್ನು ಶೋಧಿಸಿ, ಮಕ್ಕಳುಳ್ಳ ಹಳೆಯ ವಿದ್ಯಾರ್ಥಿಗಳ ದಾನವು ಆ ಮಕ್ಕಳು ಪ್ರವೇಶದ ವಯಸ್ಸಿಗೆ ಬರುತ್ತಿರುವಂತೆ ಏರುವದನ್ನೂ, ಪ್ರವೇಶ ಸಿಗದಿದ್ದರೆ ಇಳಿಯುವದನ್ನೂ ೨೦೦೯ರಲ್ಲಿ ತೋರಿಸಿದರು. ದಾನವೆಂದು ಜಮೆಯಾದದ್ದರಲ್ಲಿ ವ್ಯಾಪಾರವು ಎಷ್ಟು ಎಂದು ಕೇಳದೆ ಗತ್ಯಂತರವಿಲ್ಲ. ಇದನ್ನು ಬಲ್ಲ ನಿಧಿಸಂಗ್ರಾಹಕನು ಏನು ಮಾಡತಕ್ಕದ್ದು? ಮಗುವಿನ ವಯಸ್ಸನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಂಡು ತಕ್ಕ ವರ್ಷದಲ್ಲಿ ಬಾಗಿಲು ತಟ್ಟಬೇಕೇ? ಹಾಗೆ ತಟ್ಟಿದರೆ ಹಣ ಬರುತ್ತದೆ. ಆದರೆ ನಮ್ಮ ಸಂಸ್ಥೆಗಳಲ್ಲಿ ಆ ಮನೆಯನ್ನು ಪಟ್ಟಿಯಲ್ಲಿ ಎಳೆಯಲೇಕೂಡದೆಂದು ನನ್ನ ಮತ.

ಈಗ ತರ್ಕಕ್ಕೆ ಬರೋಣ. ಹೊಗೆಯಿಂದ ಬೆಂಕಿಯನ್ನು ಊಹಿಸುವದಕ್ಕೆ ವ್ಯಾಪ್ತಿಯು ಬೇಕು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದರೆ ತಪ್ಪಾಗುತ್ತದೆ. ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಯ ಕಟ್ಟಿಗೆಯ ಸಂಯೋಗವೆಂಬ ಉಪಾಧಿಯು ನಡುವೆ ಅಡಗಿದೆ. ಯಂತ್ರದ ಅನುಮಾನಗಳಲ್ಲಿ ಇಂಥ ಉಪಾಧಿಗಳು ತುಂಬಿರುವವು. ಫೋನಿನ ಸಂಖ್ಯೆಯು ದಾಖಲೆಯಲ್ಲಿರುವವರು ಹೆಚ್ಚು ಕೊಡುತ್ತಾರೆಂದು ಯಂತ್ರವು ಹೇಳಿತೆನ್ನಿರಿ. ಆ ಸಂಖ್ಯೆ ದಾಖಲೆಗೆ ಬಂದದ್ದು ಹೇಗೆ? ಹಿಂದೊಮ್ಮೆ ದಾನ ಕೊಟ್ಟಾಗ ಪಾವತಿಗಾಗಿ ಅವರೇ ಬರೆಸಿದ್ದರು. ಕಾರ್ಯವನ್ನೇ ಕಾರಣವೆಂದು ಹಿಡಿದಂತಾಯಿತು. ಸಮ್ಮೇಲನಕ್ಕೆ ಬಂದವರು ಕೊಡುತ್ತಾರೆಂಬದೂ ಹೀಗೆಯೇ. ಪ್ರೀತಿಯೆಂಬ ಒಂದೇ ಬೇರಿನಿಂದ ಎರಡೂ ಹುಟ್ಟಿರಬಹುದು, ಇಲ್ಲವೆ ಅವರ ಮನೆ ಸಮೀಪದಲ್ಲಿರಬಹುದು. ಒತ್ತಾಯದಿಂದ ಎಲ್ಲರನ್ನೂ ಸಮ್ಮೇಲನಕ್ಕೆ ಕರೆತಂದರೆ ದಾನವು ಬೆಳೆಯುವದೆಂದು ಯಾರೂ ತಿಳಿಯಬಾರದು. ಯಾರು ಕೊಡುವರೆಂದು ಊಹಿಸುವದು ಒಂದು. ಏತಕ್ಕೆ ಕೊಡುವರೆಂದು ತಿಳಿಯುವದು ಇನ್ನೊಂದು.

ಇದಕ್ಕಿಂತ ದೊಡ್ಡ ಮಿತಿಯೊಂದಿದೆ. ಅದನ್ನು ಹೇಳುವದಕ್ಕೆ ಮಿಸಿಸಿಪ್ಪಿ ಸೀಮೆಯ ಹ್ಯಾಟಿಸ್‌ಬರ್ಗ್ ಎಂಬ ಊರಿಗೆ ತಮ್ಮನ್ನು ಕರೆದುಕೊಂಡು ಹೋಗಬೇಕು. ೧೯೦೮ರಲ್ಲಿ ಹುಟ್ಟಿದ ಒಸಿಯೋಲಾ ಮೆಕಾರ್ಟಿ ಎಂಬ ಕಪ್ಪುಜನಾಂಗದ ತಾಯಿಯು, ಕಾಯಿಲೆಬಿದ್ದ ಬಂಧುವಿನ ಶುಶ್ರೂಷೆಗೆಂದು ಆರನೆಯ ಇಯತ್ತೆಗೆ ಶಾಲೆ ಬಿಟ್ಟು, ಅಂದಿನಿಂದ ಮುಪ್ಪಿನ ವರೆಗೆ ಪರರ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಜೀವಿಸಿದಳು. ಮದುವೆಯಿಲ್ಲ, ಮಕ್ಕಳಿಲ್ಲ. ಮೋಟಾರು ಕೊಳ್ಳಲಿಲ್ಲ, ಎಲ್ಲಿಗೂ ಕಾಲ್ನಡಿಗೆಯೇ. ಒಗೆಯುವ ಯಂತ್ರವನ್ನು ತರಿಸಿ ನೋಡಿ, ಬಟ್ಟೆ ಚೊಕ್ಕಟವಾಗುವದಿಲ್ಲವೆಂದು ಮತ್ತೆ ಕೈಯಿಂದಲೇ ತಿಕ್ಕತೊಡಗಿದಳು. ಬಂದ ಕಾಸನ್ನು ಬ್ಯಾಂಕಿನಲ್ಲಿಡುತ್ತ ಹೋದಳು. ಬೆರಳುಗಳ ಸಂಧಿವಾತದಿಂದ ಕೆಲಸ ನಿಂತ ಮೇಲೆ, ಈ ಹಣವನ್ನು ಯಾರಿಗೆ ಬಿಡುವಿರೆಂದು ಬ್ಯಾಂಕಿನವರು ಕೇಳಿ, ತಿಳಿಯಲೆಂದು ಹತ್ತು ನಾಣ್ಯಗಳನ್ನು ಅವಳ ಮುಂದಿಟ್ಟರು. ಒಂದನ್ನು ತನ್ನ ದೇವಮಂದಿರಕ್ಕೆ, ಮೂರನ್ನು ಮೂವರು ಬಂಧುಗಳಿಗೆ ಸರಿಸಿ, ಉಳಿದ ಆರು ನಾಣ್ಯಗಳನ್ನು ತನ್ನ ಊರಿನಲ್ಲಿಯೇ ಇದ್ದ ದಕ್ಷಿಣ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬಡ ವಿದ್ಯಾರ್ಥಿಗಳಿಗೆಂದು ತೆಗೆದಿಟ್ಟಳು. ಅದರ ಮೊತ್ತ ೧,೫೦,೦೦೦ ಡಾಲರು. ೧೯೯೫ರಲ್ಲಿ ಈ ಸುದ್ದಿ ಹೊರಬಿದ್ದಾಗ ದೇಶವೇ ಬೆರಗಾಯಿತು. ಮರುವರ್ಷ ಹಾರ್ವರ್ಡಿನವರು ಅವಳಿಗೆ ಗೌರವ ಪದವಿಯನ್ನಿತ್ತರು. ೧೯೯೯ರಲ್ಲಿ ಅವಳು ದೇಹವಿಟ್ಟಳು. ಯಾವ ವಿಶ್ವವಿದ್ಯಾಲಯಕ್ಕೆ ಕೊಟ್ಟಳೋ ಅದು ೧೯೬೫ರ ವರೆಗೆ ಅವಳ ಜನಾಂಗದವರನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಂಡಿರಲಿಲ್ಲ.

ಅವಳ ಸಾಲನ್ನು ಯಂತ್ರದ ಮುಂದಿಡಿರಿ. ಪದವಿ: ಇಲ್ಲ. ಉದ್ಯೋಗ: ಅಗಸಗಿತ್ತಿ. ವಾಹನ: ಇಲ್ಲ. ಹಿಂದಿನ ದಾನ: ಸೊನ್ನೆ. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಂತೂ ಅವಳಿಗೆ ಒಂದು ಸಾಲೇ ಇಲ್ಲ. ಕೊಟ್ಟವರ ಲಕ್ಷಣಗಳಿಂದ ಕಟ್ಟಿದ ವ್ಯಾಪ್ತಿಯು, ಅವರನ್ನು ಹೋಲದ ದಾನಿಯನ್ನು ಎಂದಿಗೂ ಕಾಣಲಾರದು. ಇದು ಯಂತ್ರದ ದೋಷವಲ್ಲ, ಅನುಮಾನದ ಸ್ವಭಾವ. ದೋಷವಾಗುವದು, ಸೊನ್ನೆಯ ಅಂಕ ಬಂದವರ ಕಡೆಗೆ ನಾವು ಮುಖ ತಿರುಗಿಸಿದಾಗ. ಕಾಗದ ಬರೆಯದೆ ಬಿಟ್ಟವನು ಕೊಡುವದಿಲ್ಲ. ಅವನು ಕೊಡಲಿಲ್ಲವೆಂದು ಮುಂದಿನ ವರ್ಷ ಅವನ ಅಂಕ ಇನ್ನೂ ಇಳಿಯುತ್ತದೆ. ಹೀಗೆ ಯಂತ್ರವು ತನ್ನ ಭವಿಷ್ಯವನ್ನು ತಾನೇ ಸತ್ಯಮಾಡಿಕೊಳ್ಳುತ್ತದೆ. ಅಮೇರಿಕೆಯಲ್ಲಿ ಕೂಡುವ ಹಣವು ಬೆಳೆದಿದ್ದರೂ ಕೊಡುವ ಹಳೆಯ ವಿದ್ಯಾರ್ಥಿಗಳ ಪ್ರಮಾಣವು ಬಹುಕಾಲದಿಂದ ಇಳಿಯುತ್ತ ಬಂದಿದೆ. ಕಾಲೇಜುಗಳಿಗೆ ಕ್ರಮಾಂಕ ಹಚ್ಚುವ ಅಲ್ಲಿಯ ಒಂದು ಪ್ರಸಿದ್ಧ ಪತ್ರಿಕೆಯು ಆ ಪ್ರಮಾಣವನ್ನು ಗುಣಗಳಲ್ಲಿ ಒಂದಾಗಿ ಎಣಿಸುತ್ತಿದ್ದು, ೨೦೨೩ರಲ್ಲಿ ಅದನ್ನು ಕೈಬಿಟ್ಟಿತು.

ಇನ್ನೊಂದು ಭಯವನ್ನು ಸಂಕ್ಷೇಪವಾಗಿ ಹೇಳುವೆನು. ಬ್ರಿಟನ್ನಿನಲ್ಲಿ ದಾನಿಗಳ ಸಂಪತ್ತನ್ನು ಅವರಿಗೆ ತಿಳಿಸದೆ ತೂಗಿನೋಡಿದ್ದಕ್ಕಾಗಿ ೨೦೧೬ರ ಡಿಸೆಂಬರಿನಲ್ಲಿ ಎರಡು ಧರ್ಮಸಂಸ್ಥೆಗಳಿಗೂ ಮರುವರ್ಷ ಇನ್ನು ಹನ್ನೊಂದಕ್ಕೂ ದಂಡ ಬಿದ್ದಿತು. ವಿದ್ಯಾಪೀಠಗಳಿಗೂ ಅಲ್ಲಿ ಅದೇ ಕಾಯದೆ. ೨೦೨೦ರಲ್ಲಿ ಬ್ಲ್ಯಾಕ್‌ಬಾಡ್ ಎಂಬ ಕಂಪನಿಯ ಗಣಕಗಳಿಗೆ ಕಳ್ಳರು ಕನ್ನವಿಕ್ಕಿದರು. ಅದರಲ್ಲಿ ದಾನಿಗಳ ದಾಖಲೆಯನ್ನಿಟ್ಟಿದ್ದ ೧೩,೦೦೦ಕ್ಕೂ ಹೆಚ್ಚು ಸಂಸ್ಥೆಗಳ ಗುಟ್ಟು ಹೊರಬಿದ್ದಿತು, ಅವುಗಳಲ್ಲಿ ವಿಶ್ವವಿದ್ಯಾಲಯಗಳೂ ಅನೇಕ. ಕಂಪನಿಯು ಕಳ್ಳರಿಗೆ ಹಣ ತೆತ್ತಿತು. ೨೦೨೩ರಲ್ಲಿ ಅಮೇರಿಕೆಯ ಸಂಸ್ಥಾನಗಳಿಗೆ ೪೯೫ ಲಕ್ಷ ಡಾಲರು ಕೊಡಲು ಒಪ್ಪಿತು. ಒಬ್ಬರ ಮನೆಯಲ್ಲಿ ಎಲ್ಲರ ಬೀಗದ ಕೈಗಳನ್ನಿಟ್ಟರೆ ಆಗುವದು ಹೀಗೆಯೇ. ನಮ್ಮ ದೇಶದಲ್ಲಿಯೂ ೨೦೨೩ರಲ್ಲಿ ವ್ಯಕ್ತಿಗಳ ದತ್ತಾಂಶರಕ್ಷಣೆಯ ಕಾಯದೆಯು ಅಂಗೀಕೃತವಾಗಿದೆ.

ಆದುದರಿಂದ ನಮ್ಮ ತರುಣರಿಗೆ ನನ್ನ ವಿಜ್ಞಾಪನೆ ಇಷ್ಟು. ಪಟ್ಟಿಯನ್ನು ಮಾಡಿರಿ, ಯಂತ್ರದಲ್ಲಿಯೇ ಮಾಡಿರಿ. ತೀರಿಕೊಂಡವರ ಹೆಸರಿಗೆ ಕಾಗದ ಹೋಗಿ ಅವರ ಮನೆಯವರನ್ನು ನೋಯಿಸುವದು ಅದರಿಂದ ತಪ್ಪಿದರೂ ಸಾಕಾದಷ್ಟು ಪುಣ್ಯ. ಬರೆದುಕೊಳ್ಳುವದೇನೆಂಬದನ್ನು ಪ್ರತಿಯೊಬ್ಬರಿಗೂ ತಿಳಿಸಿ ಅವರ ಒಪ್ಪಿಗೆಯನ್ನು ಪಡೆಯಿರಿ. ಆಸ್ತಿಯ ಮನೆಯನ್ನೂ ಮಕ್ಕಳ ವಯಸ್ಸಿನ ಮನೆಯನ್ನೂ ಖಾಲಿ ಬಿಡಿರಿ. ಅಂಕಗಳನ್ನು ಹಾಕುವದಾದರೆ, ಮೊದಲು ಯಾರನ್ನು ಕಾಣಬೇಕೆಂಬದಕ್ಕೆ ಮಾತ್ರ ಅವು ಉಪಯೋಗವಾಗಲಿ. ಯಾರನ್ನು ಬಿಡಬೇಕೆಂಬದಕ್ಕೆ ಬೇಡ. ವರ್ಷಕ್ಕೊಮ್ಮೆಯಾದರೂ ಎಲ್ಲ ಹೆಸರಿಗೂ ಒಂದು ಕಾಗದ ಹೋಗಲಿ, ಅದರಲ್ಲಿ ಹಣದ ಮಾತಿಗಿಂತ ಪ್ರಸಾದನಿಲಯದ ಹುಡುಗರ ಸಮಾಚಾರವು ಹೆಚ್ಚಾಗಿರಲಿ. ಫೋನು ಮಾಡಿ ಕೇಳುವ ಕೆಲಸಕ್ಕೆ ಯಾರನ್ನು ನೇಮಿಸುವಿರೋ, ಅವರನ್ನು ಮೊದಲು ಒಂದು ಹೊತ್ತು ಆ ಹುಡುಗರ ಪಂಕ್ತಿಯಲ್ಲಿ ಊಟಕ್ಕೆ ಕೂಡ್ರಿಸಿರಿ. ಹಳೆಯ ವಿದ್ಯಾರ್ಥಿಗಳ ಹೆಸರು, ವರ್ಷ, ಊರು ಇಷ್ಟನ್ನೇ ಬರೆದ ಕಚ್ಚಾ ಪಟ್ಟಿಯೊಂದನ್ನು ಮಠದ ಕಚೇರಿಯಲ್ಲಿ ಇಟ್ಟಿದೆ. ಉತ್ಸವ ಮುಗಿಯುವದರೊಳಗೆ ತಮ್ಮ ತಮ್ಮ ಸಾಲನ್ನು ನೋಡಿ ತಿದ್ದುಪಡಿಯಿದ್ದರೆ ತಿದ್ದಿಸಿ, ಹೆಸರು ಬೇಡವಾದವರು ಹೊಡೆದುಹಾಕಿಸಿ ಹೋಗಬೇಕೆಂದು ಬೇಡುತ್ತೇನೆ.