ಬೊದೋನಿಯ ಅಕ್ಷರಗಳು

ಇಟಲಿಯ ಜಾಂಬತ್ತಿಸ್ತಾ ಬೊದೋನಿ ಉಕ್ಕಿನಲ್ಲಿ ಕೊರೆದ ರೋಮನ್ ಲಿಪಿಯ ದೊಡ್ಡ 'ಹೆಚ್' ಅಕ್ಷರವನ್ನು ಸಮೀಪದಿಂದ ನೋಡಿದರೆ, ದೃಢವಾದ ಎರಡು ಕರಿಯ ಕಂಬಗಳು, ಅವನ್ನು ಕೂಡಿಸುವ ಕೂದಲೆಳೆಯಷ್ಟು ಸಣ್ಣ ಅಡ್ಡಗೆರೆ, ಕಂಬಗಳ ತಲೆಗೂ ಪಾದಕ್ಕೂ ಯಾವ ಬಾಗೂ ಇಲ್ಲದೆ ನೇರವಾಗಿ ತಾಗಿದ ಅಷ್ಟೇ ಸೂಕ್ಷ್ಮವಾದ ಪಟ್ಟಿಗಳು, ಇಷ್ಟೇ ಕಾಣುತ್ತವೆ. ಸ್ಥೂಲ ಸೂಕ್ಷ್ಮಗಳ ಈ ತೀವ್ರ ವೈದೃಶ್ಯದಲ್ಲಿಯೇ ಆ ಲಿಪಿಯ ಸೌಂದರ್ಯವೆಲ್ಲ ಅಡಗಿದೆ.

ಇದು ಒಮ್ಮೆಲೇ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಬಾಸ್ಕರ್‌ವಿಲ್ ಎಂಬ ಸುಂದರ ಬರವಣಿಗೆಯ ಉಪಾಧ್ಯಾಯನು, ತನ್ನ ಲೇಖನಿಯ ನಯವನ್ನು ಸೀಸದಲ್ಲಿ ತರಬೇಕೆಂದು ಹಟತೊಟ್ಟು, ನುಣುಪಾದ ಕಾಗದವನ್ನೂ ಗಾಢವಾದ ಮಸಿಯನ್ನೂ ಸಿದ್ಧಪಡಿಸಿಕೊಂಡು, 1757ರಲ್ಲಿ ವರ್ಜಿಲನ ಕಾವ್ಯಗಳನ್ನು ಅಚ್ಚುಹಾಕಿದನು. ಒರಟು ಕಾಗದ ನುಂಗಿಬಿಡುತ್ತಿದ್ದ ಸೂಕ್ಷ್ಮರೇಖೆಗಳು ಆಗ ಉಳಿದುಕೊಂಡವು. ಪ್ಯಾರಿಸಿನಲ್ಲಿ ಮುದ್ರಕರಾದ ದಿದೋ ಮನೆತನದವರು ಅದೇ ಹಾದಿಯಲ್ಲಿ ಇನ್ನೂ ಮುಂದೆ ನಡೆದರು.

ಬೊದೋನಿ 1740ರಲ್ಲಿ ಸಲೂತ್ಸೋ ಎಂಬ ಊರಿನ ಮುದ್ರಕನ ಮಗನಾಗಿ ಜನಿಸಿ, ರೋಮಿನ ಧರ್ಮಪ್ರಚಾರ ಸಂಸ್ಥೆಯ ಮುದ್ರಣಾಲಯದಲ್ಲಿ ಪೌರಸ್ತ್ಯ ಲಿಪಿಗಳ ಪರಿಚಯ ಪಡೆದು, 1768ರಲ್ಲಿ ಪಾರ್ಮಾ ಸಂಸ್ಥಾನದ ಮುದ್ರಣಾಲಯದ ಅಧಿಕಾರಿಯಾದನು. ಆರಂಭದಲ್ಲಿ ಪ್ಯಾರಿಸಿನ ಫೂರ್ನಿಯೇಯ ಅಚ್ಚುಮೊಳೆಗಳನ್ನು ತರಿಸಿಕೊಂಡು ಅವನ್ನೇ ಅನುಕರಿಸುತ್ತಿದ್ದವನು, ವರ್ಷ ವರ್ಷವೂ ಅಲಂಕಾರವನ್ನು ಕಳಚುತ್ತ ಕಳಚುತ್ತ, ಕೊನೆಗೆ ಬರಿಯ ಅಕ್ಷರವನ್ನೂ ಅದರ ಸುತ್ತಣ ವಿಶಾಲವಾದ ಬಿಳಿಯನ್ನೂ ಮಾತ್ರ ಉಳಿಸಿಕೊಂಡನು. ಆ ತ್ಯಾಗವೇ ಅವನ ಪ್ರತಿಭೆಯೆಂದು ನನ್ನ ಭಾವನೆ. ಏಕರೂಪತೆ, ಸ್ವಚ್ಛತೆ, ಸದಭಿರುಚಿ, ಲಾವಣ್ಯ ಇವು ನಾಲ್ಕೇ ಅವನು ಅಕ್ಷರದಿಂದ ಬಯಸಿದ ಗುಣಗಳು. 1813ರಲ್ಲಿ ಅವನು ತೀರಿಕೊಂಡ ಮೇಲೆ ಪತ್ನಿ ಮಾರ್ಗರೀತಾ, ಅವನ ಜೀವಮಾನದ ದುಡಿಮೆಯನ್ನೆಲ್ಲ 'ಮಾನುವಾಲೆ ತಿಪೊಗ್ರಾಫಿಕೋ' ಎಂಬ ಎರಡು ಸಂಪುಟಗಳಲ್ಲಿ 1818ರಲ್ಲಿ ಪ್ರಕಟಿಸಿದಳು.

ಮುಂದಿನ ಶತಮಾನ ಅವನಿಗೆ ಒಲಿಯಲಿಲ್ಲ. ಇಂಗ್ಲೆಂಡಿನ ಮುದ್ರಣಕಲಾವಿದ ವಿಲಿಯಂ ಮಾರಿಸನಂಥ ರಸಜ್ಞನೇ ಈ ಅಕ್ಷರಗಳನ್ನು ಕಟುವಾಗಿ ಖಂಡಿಸಿದನು. ಖಂಡನೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಸಣ್ಣ ಗಾತ್ರದಲ್ಲಿ, ಒತ್ತೊತ್ತಾದ ಸಾಲುಗಳಲ್ಲಿ, ಅಗ್ಗದ ಕಾಗದದ ಮೇಲೆ ಅಚ್ಚಾದರೆ ಎಳೆಗಳು ಮಾಯವಾಗಿ, ಕಂಬಗಳಷ್ಟೇ ಉಳಿದು, ಕಣ್ಣು ಕೋರೈಸಿ ಓದುಗನು ಬಳಲುತ್ತಾನೆ. ಪುಸ್ತಕದ ಮುಖಪುಟ, ಅಧ್ಯಾಯದ ಶೀರ್ಷಿಕೆ, ಆಮಂತ್ರಣಪತ್ರ, ಉಡುಗೆತೊಡುಗೆಗಳ ಸಚಿತ್ರ ಪತ್ರಿಕೆ, ಇವುಗಳಲ್ಲಿಯಾದರೋ ಇದಕ್ಕೆ ಸರಿಸಾಟಿಯಾದ ಗಾಂಭೀರ್ಯವನ್ನು ನಾನು ಕಾಣೆ.

ಆದರೆ ಸಣ್ಣ ಗಾತ್ರದಲ್ಲಿ ಕಾಣುವ ಆ ದೋಷವೆಲ್ಲ ಬೊದೋನಿಯದಲ್ಲ. ಅವನು ಪ್ರತಿಯೊಂದು ಗಾತ್ರಕ್ಕೂ ಬೇರೆ ಬೇರೆ ಉಕ್ಕಿನ ಅಚ್ಚುಗಳನ್ನು ಕೊರೆದು, ಅಕ್ಷರ ಚಿಕ್ಕದಾದಂತೆ ಎಳೆಯನ್ನು ತುಸು ದಪ್ಪವಾಗಿಸುತ್ತಿದ್ದನು. ತರುವಾಯದವರು ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲಕ್ಕೂ ಬಳಸಿದರು. ಪಾರ್ಮಾದಲ್ಲಿ ರಕ್ಷಿತವಾಗಿರುವ ಅವನ ಉಕ್ಕಿನ ಅಚ್ಚುಗಳನ್ನು ಹೋಗಿ ಪರೀಕ್ಷಿಸಿದ ಅಮೆರಿಕದ ಕೆಲವು ಅಕ್ಷರಶಿಲ್ಪಿಗಳು 1994ರಲ್ಲಿ ಆರು, ಹನ್ನೆರಡು, ಎಪ್ಪತ್ತೆರಡು ಪಾಯಿಂಟುಗಳ ಅಕ್ಷರಗಾತ್ರಗಳಿಗೆ ಮೂರು ಪ್ರತ್ಯೇಕ ವಿನ್ಯಾಸಗಳನ್ನು ಹೊರತಂದ ಮೇಲೆ, ಬೊದೋನಿಯ ಅಕ್ಷರ ಸಣ್ಣ ಗಾತ್ರದಲ್ಲಿಯೂ ಮತ್ತೆ ಸುಖವಾಗಿ ಓದುವಂತಾಯಿತು.